ಮುಖದ ಮೇಲೆ ಬಿದ್ದ ಬೆಳಕು

ವೈದ್ಯಕೀಯದ ಚರಿತ್ರೆ ಓದುತ್ತ ಕೂತವರಿಗೆ ಒಂದು ಅಭ್ಯಾಸ ಅಂಟಿಕೊಂಡುಬಿಡುತ್ತದೆ. ಯಾವ ಹೊಸ ಚಿಕಿತ್ಸೆಯ ವರದಿ ಕೈಗೆ ಸಿಕ್ಕರೂ ವೈದ್ಯರ ಸಾಧನೆಯನ್ನು ಬದಿಗಿಟ್ಟು, ಆ ರೋಗಿ ಆಮೇಲೆ ಏನಾದರು ಎಂದು ಹುಡುಕತೊಡಗುತ್ತೇವೆ. ಹೆಚ್ಚಿನ ಸಲ ಸಿಗುವುದಿಲ್ಲ. ವರದಿ ಮುಗಿಯುವಲ್ಲಿಗೆ ರೋಗಿಯೂ ಮುಗಿದುಹೋಗಿರುತ್ತಾರೆ.

ಸಿಕ್ಕ ಅಪರೂಪದ ಉದಾಹರಣೆ ವಿಯೆನ್ನಾ ನಗರದ್ದು. 1895ರ ನವೆಂಬರಿನಲ್ಲಿ ರಾಂಟ್ಜೆನ್ ಕ್ಷ-ಕಿರಣವನ್ನು ಕಂಡರು. ಮರುವರ್ಷವೇ ಲಿಯೊಪೋಲ್ಡ್ ಫ್ರಾಯಿಂಡ್ ಎಂಬ ವೈದ್ಯರು (ಅದೇ ಊರಿನ ಫ್ರಾಯ್ಡ್ ಅಲ್ಲ, ಇವರು ಬೇರೆ) ಐದು ವರ್ಷದ ಹುಡುಗಿಯೊಬ್ಬಳ ಬೆನ್ನಿನ ಮೇಲೆ ಆ ಕಿರಣ ಬಿಟ್ಟರು. ಮಗುವಿನ ಬೆನ್ನಿನ ಮೇಲೆ ದೊಡ್ಡದೊಂದು ಮಚ್ಚೆ, ಅದರ ತುಂಬ ಕೂದಲು. ಕೂದಲು ಉದುರಿತು. ಕಿರಣದಿಂದ ಚಿಕಿತ್ಸೆ ಸಾಧ್ಯ ಎನ್ನುವುದಕ್ಕೆ ಅದೇ ಆರಂಭದ ಸಾಕ್ಷ್ಯವಾಯಿತು. ಆದರೆ ಬೆನ್ನಿನ ಕೆಳಭಾಗದಲ್ಲಿ ವ್ರಣವೊಂದು ಎದ್ದಿತು, ಬೇಗ ಮಾಯಲಿಲ್ಲ. ಆ ಹುಡುಗಿ ಬದುಕಿ ಬೆಳೆದು ಮುದುಕಿಯಾದರು. 1966ರಲ್ಲಿ, ಅಂದರೆ 70 ವರ್ಷ ಕಳೆದ ಮೇಲೆ, ಅವರನ್ನು ಮತ್ತೆ ಪರೀಕ್ಷಿಸಿದ ವೈದ್ಯರು ಅದನ್ನು ವರದಿ ಮಾಡಿದರು. ಬೆನ್ನಿನ ಮೇಲಿನ ಕಲೆ ಹಾಗೇ ಇತ್ತು.

ಮೊಡವೆಯ ಬಗ್ಗೆ ಬರೆಯಲು ಹೊರಟು ಮಚ್ಚೆಯ ಕಥೆ ಹೇಳುತ್ತಿದ್ದೇನೆ, ಕಾರಣವಿದೆ. ಕೂದಲಿನ ಬುಡದ ಜೊತೆಗೇ ಎಣ್ಣೆಯ ಗ್ರಂಥಿಯೂ ಇರುತ್ತದೆ. ಮೊಡವೆ ಹುಟ್ಟುವುದು ಅಲ್ಲೇ. ಕಿರಣ ಬಿದ್ದರೆ ಕೂದಲು ಉದುರುತ್ತದೆ ಎಂದಾದರೆ ಪಕ್ಕದ ಗ್ರಂಥಿಯೂ ಒಣಗಬೇಕಲ್ಲ? ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲೇ ಯುರೋಪು, ಅಮೆರಿಕದ ಚರ್ಮವೈದ್ಯರು ಈ ತರ್ಕ ಹಿಡಿದು ಹೊರಟರು. ತರ್ಕ ಸರಿಯಾಗಿಯೇ ಇತ್ತು. ಗ್ರಂಥಿ ಒಣಗಿತು, ಮೊಡವೆ ಕಡಿಮೆಯಾಯಿತು. ಮುಂದಿನ ಕಷ್ಟವೆಲ್ಲ ಬಂದದ್ದು ಚಿಕಿತ್ಸೆ ಕೆಲಸ ಮಾಡಿದ್ದರಿಂದಲೇ.

ಮೊಡವೆ ಹೊಸ ಕಾಲದ ಚಿಂತೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸುಶ್ರುತ ಸಂಹಿತೆಯಲ್ಲಿ ಇದು ಸಣ್ಣ ರೋಗಗಳ ಪಟ್ಟಿಯಲ್ಲಿದೆ, ಬೂರುಗದ ಮರದ ಮುಳ್ಳಿನಂತೆ ಯುವಕರ ಮುಖದ ಮೇಲೆ ಏಳುವ ಗುಳ್ಳೆ ಎಂಬ ವಿವರಣೆಯೊಂದಿಗೆ. ಬೂರುಗದ ಎಳೆಯ ಕಾಂಡ ನೋಡಿದವರಿಗೆ ಇದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ ಅನ್ನಿಸುತ್ತದೆ. ಅಲ್ಲಿ ಅದಕ್ಕೆ ಕೊಟ್ಟ ಹೆಸರು ಮುಖದೂಷಿಕಾ, ಮುಖವನ್ನು ಕೆಡಿಸುವಂಥದ್ದು. ಪ್ರಾಣಕ್ಕೆ ಏನೂ ಮಾಡದ, ಮುಖಕ್ಕೆ ಮಾತ್ರ ಮಾಡುವ ರೋಗ. ಅದಕ್ಕೇ ಈ ರೋಗದಲ್ಲಿ ಲಾಭ ನಷ್ಟದ ತಕ್ಕಡಿ ಯಾವಾಗಲೂ ಓಲಾಡುತ್ತಿರುತ್ತದೆ. ಹದಿನೆಂಟರ ವಯಸ್ಸಿಗೆ ಮುಖಕ್ಕಿಂತ ದೊಡ್ಡದು ಇನ್ನೇನಿದೆ?

ಫ್ರಾಯಿಂಡ್ ಆ ಮಗುವಿನ ಮೇಲೆ ಪ್ರಯೋಗ ಮಾಡಿದ ವರ್ಷವೇ, 1896ರಲ್ಲಿ, ಕೋಪನ್‌ಹೇಗನ್‌ನಲ್ಲಿ ನೀಲ್ಸ್ ಫಿನ್ಸೆನ್ ಬೆಳಕಿನ ಚಿಕಿತ್ಸೆಗೆಂದೇ ಒಂದು ಸಂಸ್ಥೆ ತೆರೆದರು. ಫಿನ್ಸೆನ್ ಹುಟ್ಟಿದ್ದು ಬಿಸಿಲು ಅಪರೂಪವಾದ ಫಾರೋ ದ್ವೀಪಗಳಲ್ಲಿ. ಯೌವನದಿಂದಲೇ ಕಾಯಿಲೆಯ ದೇಹ, ಬಿಸಿಲಿನಲ್ಲಿ ಕೂತರೆ ಹಿತ. ಆ ಹಿತವೇ ಅವರ ಸಂಶೋಧನೆಯ ಬೀಜ. ಅವರು ಕೈಗೆತ್ತಿಕೊಂಡದ್ದು ಮೊಡವೆಯನ್ನಲ್ಲ, ಮುಖವನ್ನು ತಿಂದುಹಾಕುವ ಚರ್ಮದ ಕ್ಷಯವನ್ನು. ಇಂಗಾಲದ ಆರ್ಕ್ ದೀಪದ ಬೆಳಕನ್ನು ಮಸೂರಗಳಿಂದ ಒಂದೆಡೆ ಸೇರಿಸಿ, ನೀರು ಹರಿಸಿ ಶಾಖ ತಗ್ಗಿಸಿ, ಚರ್ಮದ ಮೇಲೆ ಬಿಡುವುದು ಅವರ ವಿಧಾನ. ನರ್ಸು ಪಕ್ಕದಲ್ಲಿ ಕೂತು ರೋಗಿಯ ಕೆನ್ನೆಯ ಮೇಲೆ ಮಸೂರವನ್ನು ಒತ್ತಿ ಹಿಡಿಯಬೇಕಿತ್ತು, ರಕ್ತ ಸರಿದರೆ ಬೆಳಕು ಆಳಕ್ಕೆ ಇಳಿಯುತ್ತದೆ ಎಂದು. ಒಂದೊಂದು ಸಲಕ್ಕೆ ಒಂದು ಗಂಟೆಯಷ್ಟು ಹೊತ್ತು, ತಿಂಗಳುಗಟ್ಟಲೆ. ಹಳೆಯ ಫೋಟೋಗಳಲ್ಲಿ ಒಂದೇ ದೀಪದ ಸುತ್ತ ನಾಲ್ವರು ರೋಗಿಗಳು ಮಲಗಿರುವುದು ಕಾಣುತ್ತದೆ. ನನಗೆ ಆ ಚಿತ್ರದಲ್ಲಿ ಇಷ್ಟವಾಗುವುದು ನರ್ಸುಗಳ ಕೈ. 1903ರಲ್ಲಿ ಫಿನ್ಸೆನ್ ಅವರಿಗೆ ನೊಬೆಲ್ ಬಂತು. ಮರುವರ್ಷ 43ರ ವಯಸ್ಸಿನಲ್ಲಿ ತೀರಿಕೊಂಡರು.

ಬೆಳಕಿನಲ್ಲಿರುವ ಅತಿನೇರಳೆ ಕಿರಣ ರೋಗಾಣುವನ್ನು ಕೊಲ್ಲುತ್ತದೆ ಎಂದು ಅವರು ನಂಬಿದ್ದರು. ಪಠ್ಯಪುಸ್ತಕಗಳೂ ನೂರು ವರ್ಷ ಅದನ್ನೇ ಹೇಳಿದವು. 2005ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಫಿನ್ಸೆನ್ ಕಾಲದ ಮಸೂರಗಳನ್ನೇ ತಂದು ಅಳೆದರು. ರೋಗಾಣುವನ್ನು ನೇರವಾಗಿ ಕೊಲ್ಲಬಲ್ಲ ಕಿರು ತರಂಗಾಂತರದ ಕಿರಣಗಳು ಆ ಮಸೂರ ದಾಟಿ ಬರುತ್ತಲೇ ಇರಲಿಲ್ಲ! ಹಾಗಾದರೆ ರೋಗ ವಾಸಿಯಾದದ್ದು ಹೇಗೆ? ಕ್ಷಯದ ರೋಗಾಣುವಿನೊಳಗೇ ಪೋರ್ಫಿರಿನ್ ಎಂಬ ವಸ್ತುವಿದೆ. ಅದು ನೇರಳೆ ಮತ್ತು ನೀಲಿ ಬೆಳಕನ್ನು ಹೀರಿಕೊಂಡು ಉಗ್ರ ರೂಪದ ಆಮ್ಲಜನಕವನ್ನು ಹುಟ್ಟಿಸುತ್ತದೆ, ಅದರಿಂದ ರೋಗಾಣು ತನ್ನೊಳಗಿನಿಂದಲೇ ಸಾಯುತ್ತದೆ. ಹೀಗೆಂದು ಅವರು ವಿವರಿಸಿದರು. ಮೊಡವೆಯ ಗುಳ್ಳೆಯಲ್ಲಿ ವಾಸಿಸುವ ಬ್ಯಾಕ್ಟೀರಿಯಾದಲ್ಲೂ ಪೋರ್ಫಿರಿನ್ ಇದೆ. ಈಗ ಮೊಡವೆಗೆಂದು ಮಾರುವ ನೀಲಿ ದೀಪಗಳೆಲ್ಲ ನಿಂತಿರುವುದು ಈ ಒಂದೇ ಸಂಗತಿಯ ಮೇಲೆ. ಆ ನೀಲಿ ಬೆಳಕಿನ ತರಂಗಾಂತರ ಸುಮಾರು 415 ನ್ಯಾನೋಮೀಟರ್. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಫಿನ್ಸೆನ್ ದೀಪಕ್ಕೆ ದಾದಿ ಬೇಕು, ಸಮಯ ಬೇಕು, ತಾಳ್ಮೆ ಬೇಕು. ಕ್ಷ-ಕಿರಣಕ್ಕೆ ಕೆಲವು ನಿಮಿಷ ಸಾಕು. ಹಾಗಾಗಿ ಮೊಡವೆಯ ವಿಷಯದಲ್ಲಿ ಗೆದ್ದದ್ದು ಕ್ಷ-ಕಿರಣ. ಅಮೆರಿಕದಲ್ಲಿ 1950ರ ದಶಕ ದಾಟುವವರೆಗೂ ಇದು ಚರ್ಮವೈದ್ಯರ ದಿನನಿತ್ಯದ ಕೆಲಸವಾಗಿತ್ತು. ಇದನ್ನು ಮಾಡಿದವರು ಅಳಲೆಕಾಯಿ ಪಂಡಿತರಲ್ಲ, ಪಠ್ಯಪುಸ್ತಕ ಬರೆದ ಪ್ರಾಧ್ಯಾಪಕರು. ಅದೇ ಹೊತ್ತಿಗೆ 1920ರ ದಶಕದಲ್ಲಿ ಆಲ್ಬರ್ಟ್ ಗೈಸರ್ ಎಂಬ ವೈದ್ಯರ ‘ಟ್ರೈಕೊ’ ಯಂತ್ರ ಅಮೆರಿಕದ ಬ್ಯೂಟಿ ಪಾರ್ಲರುಗಳಿಗೇ ಹೋಗಿ ಕೂತಿತು. ಹೆಂಗಸರ ಮುಖದ ಕೂದಲು ತೆಗೆಯಲು ಅದೇ ಕ್ಷ-ಕಿರಣ. ಕೆಲವು ವರ್ಷಗಳಲ್ಲಿ ಅವರ ಚರ್ಮ ಸುಕ್ಕಾಯಿತು, ವ್ರಣವಾಯಿತು, ಕೆಲವರಿಗೆ ಕ್ಯಾನ್ಸರ್ ಬಂತು. ಪಾರ್ಲರಿನ ಯಂತ್ರವನ್ನು ವೈದ್ಯಲೋಕ ಬೈದು ಹೊರಗಟ್ಟಿತು. ಆಸ್ಪತ್ರೆಯ ಯಂತ್ರ ಮಾತ್ರ ಇನ್ನೂ ಮೂರು ದಶಕ ಓಡುತ್ತಲೇ ಇತ್ತು. ತಾವು ಅಳತೆ ಮಾಡಿ ಕೊಡುತ್ತೇವೆ, ಅವರು ಅಳತೆಯಿಲ್ಲದೆ ಕೊಟ್ಟರು ಎನ್ನುವುದು ವೈದ್ಯರ ಸಮಾಧಾನ. ಅದರಲ್ಲಿ ಅರ್ಧ ನಿಜವಿತ್ತು. ಉಳಿದರ್ಧ ಗೊತ್ತಾಗಬೇಕಾದರೆ ಕಾಯಬೇಕಿತ್ತು.

ಮುಖಕ್ಕೆ ಬಿಟ್ಟ ಕಿರಣ ಮುಖದಲ್ಲೇ ನಿಲ್ಲುವುದಿಲ್ಲ. ಗಲ್ಲದ ಕೆಳಗೆ, ಕುತ್ತಿಗೆಯಲ್ಲಿ ಥೈರಾಯ್ಡ್ ಇದೆ. 1950ರಲ್ಲಿ ಡಫಿ ಮತ್ತು ಫಿಟ್ಜ್‌ಜೆರಾಲ್ಡ್ ಎಂಬಿಬ್ಬರು ಥೈರಾಯ್ಡ್ ಕ್ಯಾನ್ಸರ್ ಆದ 28 ಎಳೆಯರ ವಿವರ ಪ್ರಕಟಿಸಿದರು. ಅವರಲ್ಲಿ ಹಲವರಿಗೆ ಶೈಶವದಲ್ಲಿ ಎದೆಯ ಥೈಮಸ್ ಗ್ರಂಥಿಗೆಂದು ಕ್ಷ-ಕಿರಣ ಕೊಡಲಾಗಿತ್ತು. ಅನುಮಾನ ಹುಟ್ಟಿದ್ದು ಅಲ್ಲಿ. 1970ರ ದಶಕದಲ್ಲಿ ಶಿಕಾಗೋದ ಮೈಕೆಲ್ ರೀಸ್ ಆಸ್ಪತ್ರೆ ತನ್ನ ಹಳೆಯ ದಾಖಲೆಗಳನ್ನು ತೆಗೆದು, ಎಂದೋ ಟಾನ್ಸಿಲ್‌ಗೆ ಕಿರಣ ಹಾಕಿಸಿಕೊಂಡು ಮನೆಗೆ ಹೋಗಿದ್ದ ಸಾವಿರಾರು ಜನರನ್ನು ಹುಡುಕಿ ಮತ್ತೆ ಪರೀಕ್ಷೆಗೆ ಕರೆಯಿತು. 1977ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ದೇಶಕ್ಕೆಲ್ಲ ಎಚ್ಚರಿಕೆ ಕೊಟ್ಟಿತು: ಚಿಕ್ಕವರಿದ್ದಾಗ ತಲೆಗೆ, ಕುತ್ತಿಗೆಗೆ ಕಿರಣ ಹಾಕಿಸಿಕೊಂಡವರೆಲ್ಲ ಬಂದು ತೋರಿಸಿಕೊಳ್ಳಿ. ಟಾನ್ಸಿಲ್‌ನವರ ಜೊತೆ ಮೊಡವೆಯವರೂ ಆ ಸಾಲಿನಲ್ಲಿದ್ದರು. ಎಷ್ಟೋ ಜನಕ್ಕೆ ತಾವು ಹರೆಯದಲ್ಲಿ ಮುಖಕ್ಕೆ ಏನು ಹಾಕಿಸಿಕೊಂಡೆವು ಎನ್ನುವುದೇ ಮರೆತುಹೋಗಿದ್ದಿರಬೇಕು.

ಇಷ್ಟಾಗುವ ಹೊತ್ತಿಗೆ ಹೊಸ ಬೆಳಕು ಬಂದಾಗಿತ್ತು. 1960ರ ಮೇ ತಿಂಗಳಲ್ಲಿ ಥಿಯೋಡರ್ ಮೈಮನ್ ಕೆಂಪು ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಬೆಳಗಿಸಿದರು. ಪತ್ರಿಕೆಗಳು ಅದನ್ನು ಸಾವಿನ ಕಿರಣ ಎಂದು ಕರೆದವು. ಅಮೆರಿಕದ ಸಿನ್ಸಿನಾಟಿ ನಗರದ ಲಿಯಾನ್ ಗೋಲ್ಡ್‌ಮನ್ ಎಂಬ ಚರ್ಮವೈದ್ಯರು ಅದನ್ನು ಚರ್ಮದ ಮೇಲೆ ಬಿಟ್ಟು ನೋಡಿದರು. ಕಪ್ಪಾಗಿರುವುದು ಲೇಸರನ್ನು ಹೆಚ್ಚು ಹೀರುತ್ತದೆ, ಬೆಳ್ಳಗಿರುವುದು ಕಡಿಮೆ. ಬಿಸಿಲಿನಲ್ಲಿ ಕರಿ ಕಂಬಳಿಯನ್ನೂ ಬಿಳಿ ಪಂಚೆಯನ್ನೂ ಹರವಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆದರೆ ಈ ಸರಳ ಸತ್ಯವೇ 1983ರಲ್ಲಿ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ ಅವರ ಕೈಯಲ್ಲಿ ಸಿದ್ಧಾಂತವಾಯಿತು. ಸುಡಬೇಕಾದ ವಸ್ತು ಯಾವ ಬಣ್ಣದ ಬೆಳಕನ್ನು ಹೀರುತ್ತದೋ ಆ ಬಣ್ಣವನ್ನು ಆರಿಸು. ಶಾಖ ಅಕ್ಕಪಕ್ಕಕ್ಕೆ ಹರಡುವ ಮೊದಲೇ ಬೆಳಕನ್ನು ಆರಿಸು. ಆಗ ಗುರಿ ಮಾತ್ರ ಸುಡುತ್ತದೆ, ಸುತ್ತಲಿನದು ಉಳಿಯುತ್ತದೆ. ಆಮೇಲಿನ ಚರ್ಮದ ಲೇಸರುಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಈ ಪ್ರಬಂಧದಿಂದ.

ಗುರಿಗೂ ಬೆಳಕಿಗೂ ನಡುವೆ ಇನ್ನೊಂದು ಬಣ್ಣವಿದ್ದರೆ? ಸಿದ್ಧಾಂತ ಬರೆದವರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಆದರೆ ಮೊದಮೊದಲ ಪ್ರಯೋಗಗಳು ನಡೆದ ಕೆನ್ನೆಗಳಲ್ಲಿ ಹೆಚ್ಚಿನವು ಬಿಳಿಯವು.

ಮೊಡವೆಯ ಲೇಸರಿನ ಕಥೆಯಲ್ಲಿ ನನಗೆ ಸ್ವಾರಸ್ಯ ಎನ್ನಿಸುವುದು 2003 ಮತ್ತು 2004ರ ಎರಡು ಪ್ರಯೋಗಗಳು. 2003ರಲ್ಲಿ ಲಂಡನ್ನಿನ ತಂಡವೊಂದು 41 ರೋಗಿಗಳ ಮೇಲೆ 585 ನ್ಯಾನೋಮೀಟರ್‌ನ ಲೇಸರ್ ಪ್ರಯೋಗಿಸಿತು. ಒಂದೇ ಸಲದ ಚಿಕಿತ್ಸೆ, ಸುಳ್ಳು ಚಿಕಿತ್ಸೆ ಪಡೆದವರೊಂದಿಗೆ ಹೋಲಿಕೆ, 12 ವಾರಗಳ ನಿಗಾ. ಮೊಡವೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು ಎಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಮರುವರ್ಷ ಮಿಶಿಗನ್ನಿನ ತಂಡ 40 ರೋಗಿಗಳನ್ನು ತೆಗೆದುಕೊಂಡು, ಪ್ರತಿಯೊಬ್ಬರ ಮುಖದ ಒಂದು ಬದಿಗೆ ಲೇಸರ್ ಕೊಟ್ಟು ಇನ್ನೊಂದು ಬದಿಯನ್ನು ಹಾಗೇ ಬಿಟ್ಟಿತು. ಅದೂ 12 ವಾರ, ಅದೇ 585. ಎರಡೂ ಕೆನ್ನೆಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ ಎಂದು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂತು. ಮೊಡವೆ ತಾನಾಗಿಯೇ ಏರುತ್ತದೆ, ಇಳಿಯುತ್ತದೆ. ಏರಿದಾಗ ನಾವು ಕ್ಲಿನಿಕ್ಕಿಗೆ ಹೋಗುತ್ತೇವೆ, ಇಳಿದಾಗ ಕ್ಲಿನಿಕ್ಕಿಗೆ ಧನ್ಯವಾದ ಹೇಳುತ್ತೇವೆ. ಇನ್ನೊಂದು ಕೆನ್ನೆಯನ್ನು ಕೇಳದೆ ಈ ಕೆನ್ನೆಯ ಸಾಕ್ಷಿ ನಂಬುವುದು ಕಷ್ಟ.

2016ರಲ್ಲಿ ಕಾಕ್ರೇನ್ ಬಳಗದವರು ಮೊಡವೆಗೆ ಬೆಳಕಿನ ಚಿಕಿತ್ಸೆ ಕುರಿತ 71 ಪ್ರಯೋಗಗಳನ್ನು, ಒಟ್ಟು 4,211 ರೋಗಿಗಳನ್ನು, ಒಟ್ಟುಗೂಡಿಸಿ ನೋಡಿದರು. ಗಟ್ಟಿಯಾದ ಪುರಾವೆ ಕಡಿಮೆ ಎನ್ನುವುದೇ ಅವರ ತೀರ್ಮಾನ. ಪ್ರಯೋಗಗಳು ಚಿಕ್ಕವು, ನಿಗಾ ಇಟ್ಟ ಅವಧಿ ಚಿಕ್ಕದು, ಅಳೆಯುವ ರೀತಿ ಒಬ್ಬೊಬ್ಬರದು ಒಂದೊಂದು. ಎಪ್ಪತ್ತೊಂದು ಪ್ರಯೋಗಗಳ ನಂತರವೂ!

ಇವುಗಳಲ್ಲಿ ಗಟ್ಟಿ ಪರಿಣಾಮ ತೋರಿಸಿದ್ದೆಂದರೆ ಔಷಧ ಹಚ್ಚಿ ಬೆಳಕು ಬಿಡುವ ವಿಧಾನ. 2000ದಲ್ಲಿ ಆಂಡರ್ಸನ್ ಅವರೂ ಇದ್ದ ತಂಡ 22 ರೋಗಿಗಳ ಬೆನ್ನಿನ ಮೊಡವೆಯ ಮೇಲೆ ಇದನ್ನು ಮಾಡಿತ್ತು. ಎಣ್ಣೆಯ ಗ್ರಂಥಿಯಲ್ಲೇ ಪೋರ್ಫಿರಿನ್ ತುಂಬಿಕೊಳ್ಳುವಂತೆ ಮಾಡುವ ಔಷಧ, ಅದರ ಮೇಲೆ ಕೆಂಪು ಬೆಳಕು. ಮೊಡವೆ ತಿಂಗಳುಗಟ್ಟಲೆ ತಗ್ಗಿತು. ಜೊತೆಗೆ ಉರಿ, ಊತ, ಸಿಪ್ಪೆ ಏಳುವುದು, ಚರ್ಮ ಕಪ್ಪಾಗುವುದು. ಹೆಚ್ಚು ಕೆಲಸ ಮಾಡುವುದು ಹೆಚ್ಚು ಸುಡುತ್ತದೆ, ಸುಡದಿರುವುದು ಹೆಚ್ಚು ಕೆಲಸ ಮಾಡುವುದಿಲ್ಲ. ನೂರು ವರ್ಷದಲ್ಲಿ ಇದೊಂದು ಮಾತ್ರ ಬದಲಾಗಲಿಲ್ಲ.

ಕಪ್ಪಾಗುವುದರ ವಿಷಯಕ್ಕೆ ಬರಬೇಕು. ಇಲ್ಲಿ ಕಥೆ ನಮ್ಮ ಕಡೆಗೂ ಹೊರಳುತ್ತದೆ. ತೊನ್ನಿಗೆ ಬಾಕುಚಿಯ ಬೀಜ ಅರೆದು ಹಚ್ಚಿ ಬಿಸಿಲಿಗೆ ಕೂರುವುದು ನಮ್ಮಲ್ಲಿ ಬಹಳ ಹಳೆಯ ಪದ್ಧತಿ. ಆ ಬೀಜದಲ್ಲಿ ಏನಿದೆ ಎಂದು 1933ರಲ್ಲಿ ಇಂಡಿಯನ್ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದವರು ಜೋಯಿಸ್, ಮಂಜುನಾಥ್ ಮತ್ತು ವೆಂಕಟರಾವ್. (ಜೋಯಿಸ್ ಎಂಬ ಹೆಸರು ಎಲ್ಲಿಯದೆಂದು ಕನ್ನಡದ ಓದುಗರಿಗೆ ಹೇಳಬೇಕಿಲ್ಲ.) ಬಾಕುಚಿಯಲ್ಲಿರುವ ಸೋರಾಲೆನ್, ಈಜಿಪ್ಟಿನ ಒಂದು ಗಿಡದಲ್ಲಿರುವ ಅದರ ಸೋದರ ವಸ್ತು, ಇವು ಚರ್ಮವನ್ನು ಬೆಳಕಿಗೆ ಸೂಕ್ಷ್ಮವಾಗಿಸುತ್ತವೆ. 1974ರಲ್ಲಿ ಬಾಸ್ಟನ್ನಿನಲ್ಲಿ ಪ್ಯಾರಿಶ್, ಫಿಟ್ಜ್‌ಪ್ಯಾಟ್ರಿಕ್, ಮಧುಕರ ಪಾಠಕ್ ಮೊದಲಾದವರು ಈಜಿಪ್ಟಿನ ಗಿಡದ ಆ ವಸ್ತುವನ್ನು ನುಂಗಿಸಿ ಅತಿನೇರಳೆ ಬೆಳಕು ಕೊಟ್ಟು ಸೋರಿಯಾಸಿಸ್ ವಾಸಿಮಾಡುವ ವಿಧಾನ ಪ್ರಕಟಿಸಿದರು. ಯಾರಿಗೆ ಎಷ್ಟು ಬೆಳಕು ಕೊಡಬೇಕು ಎಂಬ ಪ್ರಶ್ನೆ ಎದ್ದಿತು. 1975ರಲ್ಲಿ ಫಿಟ್ಜ್‌ಪ್ಯಾಟ್ರಿಕ್ ಅದಕ್ಕೊಂದು ಪಟ್ಟಿ ಮಾಡಿದರು. ಬಿಸಿಲಿಗೆ ಸುಡುವ ಚರ್ಮ, ಸುಟ್ಟು ಕಂದುವ ಚರ್ಮ, ಹೀಗೆ ನಾಲ್ಕು ಬಗೆ. ನಾಲ್ಕೂ ಬಿಳಿ ಚರ್ಮದವೇ. ಕಂದು ಬಣ್ಣದ ಐದನೆಯದು, ಕಪ್ಪು ಬಣ್ಣದ ಆರನೆಯದು ಆಮೇಲೆ ಸೇರಿದವು. ಇವತ್ತು ಲೇಸರ್ ಯಂತ್ರಗಳ ಅಳತೆಯನ್ನು ಹೊಂದಿಸುವುದು ಈ ಪಟ್ಟಿ ನೋಡಿಯೇ. ಅರೆದು ಹಚ್ಚಿಕೊಂಡವರ ಬಣ್ಣಕ್ಕೆ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದು ಕೊನೆಗೆ.

ನಮ್ಮ ಚರ್ಮದ ಸ್ವಭಾವವೇ ಹೀಗೆ: ಗಾಯವಾಗಲಿ, ಗೀರಾಗಲಿ, ಮೊಡವೆಯಾಗಲಿ, ಮಾಯುವಾಗ ಕಪ್ಪು ಬಿಟ್ಟುಹೋಗುತ್ತದೆ. ಹೆಚ್ಚಿನವರು ವೈದ್ಯರಲ್ಲಿಗೆ ಹೋಗುವುದೇ ಆ ಕಪ್ಪಿಗಾಗಿ. ಲೇಸರಿನ ಬೆಳಕು ಗುರಿಗೆ ಹೋಗುವ ದಾರಿಯಲ್ಲೇ ನಮ್ಮ ಮೆಲನಿನ್ ಅದನ್ನು ಹಿಡಿದು ಬಿಸಿಯಾಗುತ್ತದೆ. ಆ ಬಿಸಿಯೇ ಹೊಸ ಗಾಯ, ಹೊಸ ಕಪ್ಪು. ಬಲ್ಲ ವೈದ್ಯರು ಉದ್ದ ತರಂಗಾಂತರದ ಲೇಸರ್ ಆರಿಸುತ್ತಾರೆ, ಶಕ್ತಿ ತಗ್ಗಿಸುತ್ತಾರೆ, ಮೊದಲು ಕಿವಿಯ ಹಿಂದೆ ಒಂದು ಚೂರು ಪರೀಕ್ಷೆ ಮಾಡುತ್ತಾರೆ. ಅಂಥವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಆದರೆ ಬೋರ್ಡು ಎಲ್ಲರದೂ ಒಂದೇ ಥರ ಹೊಳೆಯುತ್ತದೆ.

415ನ್ನು ನೆನಪಿಟ್ಟುಕೊಳ್ಳಿ ಎಂದಿದ್ದೆ. ನೀಲಿ ಬೆಳಕು ಸುಡುವುದಿಲ್ಲ, ನೋಯಿಸುವುದಿಲ್ಲ, ಅತಿನೇರಳೆಯೂ ಅಲ್ಲ. ಅದಕ್ಕೇ ಅದನ್ನು ಎಲ್ಲಕ್ಕಿಂತ ನಿರುಪದ್ರವಿ ಎಂದು ಮಾರುತ್ತಾರೆ. 2014ರಲ್ಲಿ ಫ್ರಾನ್ಸಿನ ಸಂಶೋಧಕರು ಬೇರೆಯೇ ಉದ್ದೇಶಕ್ಕೆ, ಫಿಟ್ಜ್‌ಪ್ಯಾಟ್ರಿಕ್ ಪಟ್ಟಿಯ ಮೂರು ಮತ್ತು ನಾಲ್ಕನೆಯ ಬಗೆಯ ಚರ್ಮದ ಮೇಲೆ 415 ಮತ್ತು 630 ನ್ಯಾನೋಮೀಟರ್‌ನ ಬೆಳಕು ಬಿಟ್ಟು ನೋಡಿದರು. ಕೆಂಪು ಬೆಳಕು, ಅಂದರೆ 630, ಏನೂ ಮಾಡಲಿಲ್ಲ. 415 ಚರ್ಮವನ್ನು ಕಪ್ಪಾಗಿಸಿತು, ಆ ಕಪ್ಪು ಮೂರು ತಿಂಗಳವರೆಗೂ ಉಳಿಯಿತು. ಮೊಡವೆಯ ಬ್ಯಾಕ್ಟೀರಿಯಾಕ್ಕೆಂದು ಆರಿಸಿದ ಅದೇ ಬಣ್ಣ. ಪ್ರಯೋಗದ ಅಳತೆ ಬೇರೆ, ಮನೆಯ ದೀಪದ ಅಳತೆ ಬೇರೆ ಎನ್ನುವುದು ನಿಜ. ಆದರೂ ದೀಪದ ಡಬ್ಬಿಯ ಮೇಲೆ ಒಂದು ಸಾಲು ಇರಬಹುದಿತ್ತು.

2016ರಲ್ಲಿ ನ್ಯೂಟ್ರೋಜಿನಾ ಕಂಪನಿ ಮನೆಯಲ್ಲೇ ಮುಖಕ್ಕೆ ಕಟ್ಟಿಕೊಳ್ಳುವ ಕೆಂಪು ನೀಲಿ ಬೆಳಕಿನ ಮುಖವಾಡ ತಂದಿತ್ತು. 2019ರಲ್ಲಿ ತಾನೇ ಹಿಂದಕ್ಕೆ ತೆಗೆದುಕೊಂಡಿತು. ಕೆಲವು ಕಣ್ಣಿನ ರೋಗಗಳಿರುವವರಿಗೆ, ಬೆಳಕಿನ ಸೂಕ್ಷ್ಮತೆ ಹೆಚ್ಚಿಸುವ ಔಷಧ ತೆಗೆದುಕೊಳ್ಳುವವರಿಗೆ ಕಣ್ಣಿಗೆ ಹಾನಿಯಾಗುವ ಸಾಧ್ಯತೆಯಿದೆ ಎನ್ನುವುದು ಕಾರಣ. ಮೊಡವೆಗೆಂದೇ ವೈದ್ಯರು ಬರೆದುಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆ ಬೆಳಕಿನ ಸೂಕ್ಷ್ಮತೆ ಹೆಚ್ಚಿಸುವ ಔಷಧವೇ.

ನನ್ನ ಹಾಸ್ಟೆಲಿನ ಗೆಳತಿಯೊಬ್ಬಳು ಮದುವೆಗೆ ನಾಲ್ಕು ತಿಂಗಳಿರುವಾಗ ಒಂದು ಕ್ಲಿನಿಕ್ಕಿನಲ್ಲಿ ಆರು ಸಿಟ್ಟಿಂಗಿನ ಪ್ಯಾಕೇಜಿಗೆ ಮುಂಗಡ ಕಟ್ಟಿದಳು. ಅವಳ ಫೆಲೋಶಿಪ್ಪಿನ ಹಣ. ಮೂರನೆಯ ಸಿಟ್ಟಿಂಗಿನ ನಂತರ ಎರಡೂ ಕೆನ್ನೆಯ ಮೇಲೆ ಕಾಳಿನ ಗಾತ್ರದ ಕಂದು ಚುಕ್ಕೆಗಳು ಸಾಲಾಗಿ ಎದ್ದವು, ಯಂತ್ರದ ಮೂತಿ ಇಟ್ಟಲ್ಲೆಲ್ಲ. ‘ಇದು ನಾರ್ಮಲ್ ಮೇಡಂ, ಇನ್ನೂ ಮೂರು ಸಿಟ್ಟಿಂಗ್ ಇದೆಯಲ್ಲ’ ಎಂದರಂತೆ. ಅವಳು ಹೋಗಲಿಲ್ಲ, ಹಣವೂ ವಾಪಸು ಬರಲಿಲ್ಲ. ಚುಕ್ಕೆಗಳು ಮಾಯಲು ವರ್ಷ ಹಿಡಿಯಿತು. ಮದುವೆಯ ಆಲ್ಬಮ್ಮಿನಲ್ಲಿ ಅವಳ ಮುಖ ಸುಣ್ಣ ಬಳಿದ ಗೋಡೆಯಂತಿದೆ ಎಂದು ಅವಳೇ ನಗುತ್ತಾಳೆ. ಇಂಥವರನ್ನು ಯಾವ ಪ್ರಯೋಗದ ಕೋಷ್ಟಕವೂ ಎಣಿಸುವುದಿಲ್ಲ, ಹನ್ನೆರಡು ವಾರದ ನಿಗಾದಲ್ಲೂ ಇವರಿಲ್ಲ.

ಈಚಿನ ಹೊಸ ಲೇಸರು ಬಣ್ಣವನ್ನು ಬಿಟ್ಟು ಎಣ್ಣೆಯನ್ನೇ ಗುರಿಯಾಗಿಸಿಕೊಂಡಿದೆ. ಸುಮಾರು 1,720 ನ್ಯಾನೋಮೀಟರಿನ ಆಸುಪಾಸಿನ ಬೆಳಕನ್ನು ಕೊಬ್ಬು ಚೆನ್ನಾಗಿ ಹೀರುತ್ತದೆ ಎಂದು ಆಂಡರ್ಸನ್ ತಂಡ 2006ರಲ್ಲಿ ತೋರಿಸಿತ್ತು. ಅಲ್ಲಿ ಮೆಲನಿನ್ ಹೆಚ್ಚು ಅಡ್ಡ ಬರುವುದಿಲ್ಲ. 1,726 ನ್ಯಾನೋಮೀಟರಿನ ಯಂತ್ರಕ್ಕೆ 2022ರಲ್ಲಿ ಅಮೆರಿಕದ ಔಷಧ ಆಡಳಿತ ಅನುಮತಿ ಕೊಟ್ಟಿತು. ಕಂದು ಚರ್ಮದವರಿಗೆ ಇದು ನಿಜಕ್ಕೂ ಒಳ್ಳೆಯ ಸುದ್ದಿಯಿರಬಹುದು. ಕ್ಷ-ಕಿರಣದ ಥರ ಇದು ಕ್ಯಾನ್ಸರ್ ತರುವ ಕಿರಣವೂ ಅಲ್ಲ. ಆದರೆ ಮಾಡುವ ಕೆಲಸ 1900ರ ವೈದ್ಯರು ಬಯಸಿದ್ದೇ, ಎಣ್ಣೆಯ ಗ್ರಂಥಿಯನ್ನು ತಣ್ಣಗಾಗಿಸುವುದು. ಇಪ್ಪತ್ತರಲ್ಲಿ ಗ್ರಂಥಿ ಸುಟ್ಟುಕೊಂಡ ಚರ್ಮ ಅರವತ್ತರಲ್ಲಿ ಹೇಗಿರುತ್ತದೆ ಎಂದು ಹೇಳಬಲ್ಲವರು ಇನ್ನೂ ಅರವತ್ತಾಗಿಲ್ಲ.

ಗೆಳತಿಯ ತಂಗಿಗೆ ಈಗ ಹತ್ತೊಂಬತ್ತು, ಅಕ್ಕನಿಗಿಂತ ಹೆಚ್ಚು ಮೊಡವೆ. ಕಳೆದ ತಿಂಗಳು ಬೇರೊಂದು ಕ್ಲಿನಿಕ್ಕಿಗೆ ಹೊರಟಿದ್ದಳು. ಬೇಡ ಎನ್ನಲು ನಾನು ಯಾರು? ಕೇಳಬೇಕಾದ ಮೂರು ಪ್ರಶ್ನೆ ಬರೆದುಕೊಟ್ಟೆ: ಯಾವ ತರಂಗಾಂತರ, ನನ್ನ ಬಣ್ಣದ ಎಷ್ಟು ಜನರ ಮೇಲೆ ಮಾಡಿದ್ದೀರಿ, ಎಷ್ಟು ತಿಂಗಳು ಅವರನ್ನು ನೋಡಿದ್ದೀರಿ. ಸಂಜೆ ಅವಳ ಮೆಸೇಜು ಬಂತು. ‘ಅಕ್ಕಾ, ತರಂಗಾಂತರ ಅಂದ್ರೆ ಏನು ಅಂತ ರಿಸೆಪ್ಷನ್‌ನವರು ನನ್ನನ್ನೇ ಕೇಳಿದ್ರು. ನಾಳೆ ಡಾಕ್ಟರ್ ಸಿಗ್ತಾರಂತೆ, ಮತ್ತೆ ಹೋಗ್ತೀನಿ.’